ಪೇಶಸ್ಕಾರಿಯ ಪಾಲು

ಧಾರವಾಡ ಸೀಮೆಯ ಕಸೂತಿಯನ್ನು ಕುರಿತು ನಮ್ಮಲ್ಲಿ ಬಂದಿರುವ ಬರೆಹಗಳು ಕಡಮೆಯೇನೂ ಅಲ್ಲ. ಅವುಗಳಲ್ಲಿ ಬಹುಮಟ್ಟಿಗೆ ಒಂದೇ ಕ್ರಮವು ಕಾಣಬರುತ್ತದೆ. ಮೊದಲು ಗೋಪುರ, ತೇರು, ಪಲ್ಲಕ್ಕಿ, ಅಂಬಾರಿಯ ಆನೆ, ನಂದಿ, ತುಳಸಿಯ ಕಟ್ಟೆ, ಶಂಖ, ಕಮಲ, ನವಿಲು ಎಂದು ಚಿತ್ತಾರಗಳ ಪಟ್ಟಿ. ಅನಂತರ ಗವಂತಿ, ಮುರಗಿ, ನೇಗಿ, ಮೆಂತಿ ಎಂದು ನಾಲ್ಕು ಹೊಲಿಗೆಗಳ ಹೆಸರು. ಕೊನೆಗೆ ನಮ್ಮ ಹೆಣ್ಣುಮಕ್ಕಳ ತಾಳ್ಮೆಗೆ ಒಂದು ಪ್ರಶಂಸೆ. ಕಾವ್ಯವಿಮರ್ಶೆಯಲ್ಲಿ ಇಂತಹ ಕ್ರಮವನ್ನು ನಾವು ಯಾರೂ ಒಪ್ಪುವುದಿಲ್ಲ. ಒಂದು ಮಹಾಕಾವ್ಯದಲ್ಲಿ ಸಮುದ್ರವರ್ಣನೆಯಿದೆ, ಚಂದ್ರೋದಯವಿದೆ, ಜಲಕ್ರೀಡೆಯಿದೆ ಎಂದು ಅಷ್ಟಾದಶವರ್ಣನೆಗಳನ್ನು ಎಣಿಸಿ ಕೈಬಿಟ್ಟ ವಿದ್ಯಾರ್ಥಿಗೆ ಅಧ್ಯಾಪಕರು ಎಷ್ಟು ಅಂಕಗಳನ್ನು ಕೊಡುವರೆಂಬುದು ವಾಚಕರಿಗೆ ತಿಳಿದೇ ಇದೆ. ಆ ಕವಿಯ ವಾಣಿಯು ಹೇಗೆ ನಡೆಯುತ್ತದೆ, ಆ ನಡೆಯಿಂದ ವಸ್ತುವಿಗೆ ಏನು ಒದಗಿತು ಎಂಬುದೇ ಅಲ್ಲಿ ವಿಚಾರಣೀಯವಾದ ಅಂಶ. ಸೂಜಿಯ ಕೆಲಸಕ್ಕೆ ಬಂದಾಗ ಮಾತ್ರ ಈ ವಿವೇಕವು ನಮ್ಮನ್ನು ಬಿಟ್ಟುಹೋಗುವುದೇಕೆ?

ಇದು ಬರಿಯ ಅಭಿರುಚಿಯ ಪ್ರಶ್ನೆಯಾಗಿದ್ದರೆ ಈ ಲೇಖನವನ್ನು ಬರೆಯುವ ಅಗತ್ಯವಿರಲಿಲ್ಲ. ಕಸೂತಿಯು ಇಂದು ಮಾರಾಟದ ಸರಕು. ಬಟ್ಟೆಯನ್ನು ನೇಯುವವನಿಂದ ಹಿಡಿದು ಅಂಗಡಿಯಲ್ಲಿ ಕೊಳ್ಳುವವರವರೆಗೆ ಅದರ ಬೆಲೆಯು ಕೈಯಿಂದ ಕೈಗೆ ಬೆಳೆಯುತ್ತ ಹೋಗುತ್ತದೆ. ಈ ಮೌಲ್ಯಪರಂಪರೆಯಲ್ಲಿ ಯಾರ ಕೈ ಏನನ್ನು ಕೂಡಿಸಿತು, ಯಾರಿಗೆ ಎಷ್ಟು ಪಾಲು ಸಲ್ಲತಕ್ಕದ್ದು ಎಂಬುದನ್ನು ನಿರ್ಣಯಿಸುವುದು ವ್ಯಾಪಾರಿಯೊಬ್ಬನೇ ಎಂದು ನಾವು ಭಾವಿಸಿದ್ದೇವೆ. ನಮ್ಮ ಮತವು ಹಾಗಿಲ್ಲ. ವಸ್ತುವಿನ ಪಟ್ಟಿಯೇ ವಿಮರ್ಶೆಯೆಂದು ನಿಂತ ಕಡೆ ಬೆಲೆಯ ಪಟ್ಟಿಯೂ ಅದನ್ನೇ ಅನುಸರಿಸುತ್ತದೆ. ಆದುದರಿಂದ ವಿಮರ್ಶಕನ ತಪ್ಪು ಕೊನೆಗೆ ಹೊಲಿಯುವವಳ ಕೂಲಿಯಲ್ಲಿ ಕಾಣಿಸಿಕೊಳ್ಳುತ್ತದೆ. ಸೂಜಿಗೆ ದಾರ ಪೋಣಿಸಲೂ ಕಣ್ಣು ಸಾಲದ ಪಂಡಿತನೊಬ್ಬನು ಇದನ್ನು ಹೇಳಹೊರಟದ್ದನ್ನು ಬಲ್ಲವರು ಕ್ಷಮಿಸಬೇಕು. ಪಾಠಶಾಲೆಯ ರಜೆಯ ದಿನಗಳಲ್ಲಿ ಎಳೆ ಎಣಿಸುತ್ತ ಕುಳಿತ ಸೋದರತ್ತೆಯ ಬಳಿಯಲ್ಲಿ ಶಬ್ದಮಂಜರಿಯನ್ನು ಉರುಹಚ್ಚಿದವರು ನಾವು. ನಮ್ಮ ಅಧಿಕಾರವು ಅಷ್ಟೇ.

ಮೊದಲು ಶಬ್ದದ ವಿಚಾರ. ವೇದದಲ್ಲಿ ಪೇಶಸ್ ಎಂಬ ಮಾತುಂಟು. ಚಿತ್ತಾರದಿಂದ ಶೋಭಿಸುವ ವಸ್ತ್ರ, ಅಲಂಕಾರ, ರೂಪ ಎಂದು ಅದರ ಅರ್ಥಗಳು. ಋಗ್ವೇದದ ಮೊದಲನೆಯ ಮಂಡಲದಲ್ಲಿ (೧-೯೨-೪) ಉಷೆಯು ನರ್ತಕಿಯಂತೆ ಪೇಶಸ್ಸುಗಳನ್ನು ಮೈಮೇಲೆ ಧರಿಸುವಳೆಂದು ಋಷಿಯು ವರ್ಣಿಸಿದ್ದಾನೆ. ಎರಡನೆಯ ಮಂಡಲದಲ್ಲಿ (೨-೩೨-೪) ಪೂರ್ಣಿಮೆಯ ದೇವತೆಯಾದ ರಾಕೆಯನ್ನು, ಮುರಿಯದ ಸೂಜಿಯಿಂದ ಕೆಲಸವನ್ನು ಹೊಲಿಯಲೆಂದು ಪ್ರಾರ್ಥಿಸಿದೆ. ಈ ಪೇಶಸ್ಸನ್ನು ಮಾಡುವವರು ಯಾರು? ವಾಜಸನೇಯಿಸಂಹಿತೆಯ ಮೂವತ್ತನೆಯ ಅಧ್ಯಾಯದಲ್ಲಿ ನಾನಾ ವೃತ್ತಿಯವರನ್ನು ಎಣಿಸುವ ಪ್ರಕರಣವೊಂದಿದೆ. ಅಲ್ಲಿ ದ್ವಿತೀಯಾವಿಭಕ್ತಿಯಲ್ಲಿ ಪೇಶಸ್ಕಾರೀಂ ಎಂಬ ರೂಪವು ಬಂದಿರುವುದು. ನಕಾರಾಂತ ಪುಲ್ಲಿಂಗವಾಗಿದ್ದರೆ ಪೇಶಸ್ಕಾರಿಣಂ ಎಂದಿರಬೇಕಾಗಿತ್ತು. ಆದಕಾರಣ ಇಲ್ಲಿ ಸಂಶಯಕ್ಕೆ ಎಡೆಯಿಲ್ಲ: ಪೇಶಸ್ಸನ್ನು ಮಾಡುವವಳು ಹೆಂಗಸು.

ಈಗ ಬೃಹದಾರಣ್ಯಕಕ್ಕೆ ಬರೋಣ. ನಾಲ್ಕನೆಯ ಅಧ್ಯಾಯದ ನಾಲ್ಕನೆಯ ಬ್ರಾಹ್ಮಣದಲ್ಲಿ, ಜೀವನು ಒಂದು ಶರೀರವನ್ನು ಬಿಟ್ಟು ಇನ್ನೊಂದನ್ನು ಕಟ್ಟಿಕೊಳ್ಳುವುದಕ್ಕೆ ದೃಷ್ಟಾಂತವಾಗಿ, ಪೇಶಸ್ಕಾರಿಯು ಪೇಶಸ್ಸಿನ ಒಂದಂಶವನ್ನು ತೆಗೆದುಕೊಂಡು ಅದಕ್ಕಿಂತ ಹೊಸದೂ ಅದಕ್ಕಿಂತ ಚೆಲುವಾದುದೂ ಆದ ಬೇರೊಂದು ರೂಪವನ್ನು ಮಾಡುವ ಮಾತು ಬಂದಿದೆ. ಶಂಕರಭಗವತ್ಪಾದರು ಅಲ್ಲಿ ಪೇಶಸ್ ಎಂದರೆ ಸುವರ್ಣವೆಂದೂ ಪೇಶಸ್ಕಾರೀ ಎಂದರೆ ಅಕ್ಕಸಾಲಿಗನೆಂದೂ ವ್ಯಾಖ್ಯಾನ ಮಾಡಿದ್ದಾರೆ. ಪ್ರಥಮಾವಿಭಕ್ತಿಯ ಏಕವಚನದಲ್ಲಿ ನಕಾರಾಂತದ ಪುಲ್ಲಿಂಗರೂಪವೂ ಈಕಾರಾಂತದ ಸ್ತ್ರೀಲಿಂಗರೂಪವೂ ಒಂದೇ ಆಗಿರುವುದರಿಂದ ಎರಡು ಅರ್ಥಗಳಿಗೂ ವ್ಯಾಕರಣವು ಅಡ್ಡಿಮಾಡದು. ನಿಘಂಟುವಿನಲ್ಲಿ ಪೇಶಸ್ ಎಂಬುದು ಹಿರಣ್ಯನಾಮಗಳ ನಡುವೆಯೂ ಪಠಿತವಾಗಿದೆ, ರೂಪನಾಮಗಳ ನಡುವೆಯೂ ಪಠಿತವಾಗಿದೆ. ಹೀಗಿರುವಲ್ಲಿ ಆಚಾರ್ಯರ ಅರ್ಥವು ತಪ್ಪೆನ್ನುವ ಧಾರ್ಷ್ಟ್ಯವು ನಮಗಿಲ್ಲ. ಒಂದಂಶವನ್ನು ತೆಗೆದುಕೊಳ್ಳುವುದೆಂಬ ಮಾತು ಚಿನ್ನಕ್ಕೆ ಚೆನ್ನಾಗಿಯೇ ಒಪ್ಪುತ್ತದೆ. ಆದರೂ ಒಂದು ಸಂಗತಿಯನ್ನು ಗಮನಿಸದೆ ಇರಲಾಗದು. ಸಂಹಿತೆಯಲ್ಲಿ ನಿಸ್ಸಂದೇಹವಾಗಿ ಹೆಂಗಸಾಗಿದ್ದವಳು ಉಪನಿಷತ್ತಿನ ವ್ಯಾಖ್ಯಾನವನ್ನು ಮುಟ್ಟುವ ವೇಳೆಗೆ ಗಂಡಸಾದಳು. ಅವಳ ಕೈಯಲ್ಲಿದ್ದ ನೂಲು ಚಿನ್ನವಾಯಿತು. ಪೇಶಸ್ಸು ಬೆಲೆಯುಳ್ಳದ್ದು ಎಂದು ತಿಳಿದೊಡನೆ ಅದನ್ನು ಮಾಡುವವನು ಅಕ್ಕಸಾಲಿಗನೇ ಆಗಿರಬೇಕೆಂದು ನಮ್ಮ ಬುದ್ಧಿಗೆ ತೋರುತ್ತದೆ. ಹಳೆಯ ಭಾಷ್ಯದಲ್ಲಿ ಮಾತ್ರವಲ್ಲ, ಇಂದಿನ ಪೇಟೆಯಲ್ಲಿಯೂ ಹೀಗೆಯೇ ಆಗುತ್ತದೆ.

ವಾತ್ಸ್ಯಾಯನನ ಅರುವತ್ತನಾಲ್ಕು ಕಲೆಗಳ ಪಟ್ಟಿಯಲ್ಲಿ ಸೂಚೀವಾನಕರ್ಮಗಳು ಸೇರಿವೆ. ಜಯಮಂಗಲಾವ್ಯಾಖ್ಯಾನವು ಅವನ್ನು ಕಂಚುಕಾದಿಗಳನ್ನು ಹೊಲಿಯುವುದು, ಹರಿದ ಬಟ್ಟೆಯನ್ನು ಕೂಡಿಸುವುದು, ಹಾಸುಹೊದಿಕೆಗಳನ್ನು ರಚಿಸುವುದು ಎಂದು ಮೂರು ಬಗೆಯಾಗಿ ಒಡೆದಿದೆ. ಅದಕ್ಕಿಂತ ಹೆಚ್ಚಿನದೇನೂ ಅಲ್ಲಿ ಸಿಕ್ಕದು.

ಇನ್ನು ಕಸೂತಿ ಎಂಬ ಹೆಸರು. ಕೈ ಎಂಬುದಕ್ಕೆ ನೂಲೆಂಬರ್ಥದ ಸೂತಿ ಸೇರಿ ಕಸೂತಿಯಾಯಿತೆಂದು ಎಲ್ಲರೂ ಬರೆಯುತ್ತಾರೆ. ಕೈಗನ್ನಡಿ, ಕೈದೀವಿಗೆ, ಕೈಪಿಡಿ ಎಂಬಲ್ಲಿ ಪೂರ್ವಪದದ ಐಕಾರವು ಗಟ್ಟಿಯಾಗಿ ನಿಂತಿರುವಾಗ ಇಲ್ಲಿ ಮಾತ್ರ ಅದು ಏಕೆ ಸವೆಯಿತೆಂಬುದಕ್ಕೆ ಸಮಾಧಾನ ಬೇಕು. ಗವಂತಿ ಎಂಬುದು ಗಂಟು ಎಂಬುದರಿಂದ ಬಂದಿತೆನ್ನುವವರೂ ಉಂಟು. ಒಂದೂ ಗಂಟು ಇರಬಾರದೆಂಬುದೇ ಯಾವ ಹೊಲಿಗೆಯ ಮೊದಲನೆಯ ಕಟ್ಟಳೆಯೋ ಅದಕ್ಕೆ ಗಂಟಿನಿಂದ ಹೆಸರು ಬಂದಿತೆಂದರೆ ವಿಪರೀತಲಕ್ಷಣೆಯನ್ನೇ ಆಶ್ರಯಿಸಬೇಕಾದೀತು! ವಸ್ತುವನ್ನು ಕೈಯಲ್ಲಿ ಹಿಡಿದು ನೋಡದೆ ಹೇಳಿದ ವ್ಯುತ್ಪತ್ತಿಗಳಿಗೆ ಇವು ಒಳ್ಳೆಯ ನಿದರ್ಶನಗಳು.

ಆ ವಸ್ತುವನ್ನೇ ಈಗ ನೋಡಬೇಕು. ಕಸೂತಿಯನ್ನು ಹಾಕುವವಳು ಬಟ್ಟೆಯ ಮೇಲೆ ಗೆರೆಯನ್ನು ಬರೆದುಕೊಳ್ಳುವುದಿಲ್ಲ, ಅಚ್ಚನ್ನು ಒತ್ತುವುದಿಲ್ಲ. ಹಾಸು ಹೊಕ್ಕುಗಳ ಎಳೆಗಳನ್ನು ಎಣಿಸುತ್ತ, ಇಷ್ಟು ಎಳೆಗಳಿಗೆ ಒಂದು ಹೊಲಿಗೆಯೆಂದು ಸೂಜಿಯನ್ನು ನಡೆಸುತ್ತಾಳೆ. ಗವಂತಿಯಲ್ಲಿ ಸೂಜಿಯು ಒಂದು ಗೆರೆಯ ಮೇಲೆ ಎರಡು ಸಲ ನಡೆಯುವುದು. ಹತ್ತು ಹೊಲಿಗೆಗಳ ಒಂದು ನೇರ ಗೆರೆಯಿದೆಯೆಂದು ಇಟ್ಟುಕೊಳ್ಳೋಣ. ಹೋಗುವಾಗ ೧, ೩, ೫, ೭, ೯ನೆಯ ಹೊಲಿಗೆಗಳು ಬಟ್ಟೆಯ ಮೇಲ್ಮೈಯಲ್ಲಿ ಬೀಳುತ್ತವೆ. ೨, ೪, ೬, ೮, ೧೦ನೆಯವು ಕೆಳಮೈಯಲ್ಲಿ ಬೀಳುತ್ತವೆ. ಈ ಘಟ್ಟದಲ್ಲಿ ನೋಡಿದವರಿಗೆ ಎರಡು ಮೈಗಳಲ್ಲಿಯೂ ಕಾಣುವುದು ತುಂಡು ತುಂಡಾದ ಗೆರೆ. ಆ ಮೇಲೆ ಸೂಜಿಯು ಬಂದ ದಾರಿಯಲ್ಲಿಯೇ ಹಿಂದಿರುಗುವುದು. ಆಗ ೧೦, ೮, ೬, ೪, ೨ ಮೇಲೆ ಬರುತ್ತವೆ. ೯, ೭, ೫, ೩, ೧ ಕೆಳಗೆ ಹೋಗುತ್ತವೆ. ಎರಡು ಮೈಗಳಲ್ಲಿಯೂ ಬಿಟ್ಟ ಎಡೆಗಳೆಲ್ಲ ತುಂಬಿ ಗೆರೆಯು ಅಖಂಡವಾಗುತ್ತದೆ. ದಾರವು ಹೊರಟಲ್ಲಿಗೇ ಬಂದು ಸೇರುತ್ತದೆ.

ನೇರ ಗೆರೆಯ ಮಾತು ಇದು. ಗೋಪುರದಲ್ಲಿ ಗೆರೆಗಳು ಕವಲೊಡೆಯುತ್ತವೆ, ಸುತ್ತಿ ಬಂದು ಕೂಡುತ್ತವೆ, ಮೂಲೆಮೂಲೆಗೆ ತಿರುಗುತ್ತವೆ. ಕವಲು ಬಂದಾಗ ಸೂಜಿಯು ಅದರ ತುದಿಯವರೆಗೆ ಹೋಗಿ ಅದೇ ಕವಲಿನಲ್ಲಿ ಮರಳಿ ಬುಡಕ್ಕೆ ಬಂದು ಮುಂದಣ ದಾರಿಯನ್ನು ಹಿಡಿಯಬೇಕು. ಅಥವಾ ಈಗ ಮುಂದೆ ಹೋಗಿ ಹಿಂದಿರುಗುವಾಗ ಆ ಕವಲನ್ನು ಮುಗಿಸಬೇಕು. ಯಾವುದನ್ನು ಈಗ, ಯಾವುದನ್ನು ಆಗ ಎಂಬ ನಿರ್ಣಯವು ಮೊದಲ ಹೊಲಿಗೆಗೆ ಮುಂಚೆಯೇ ಮನಸ್ಸಿನಲ್ಲಿ ಆಗಿರಬೇಕಾದದ್ದು. ಎಣಿಕೆಯು ಒಂದು ಹೆಜ್ಜೆ ತಪ್ಪಿತೆಂದರೆ ಮೇಲೆ ಬರಬೇಕಾದ ಹೊಲಿಗೆಯು ಕೆಳಗೆ ಹೋಗುವುದು. ಹಿಂದಿರುಗುವಾಗ ತುಂಬಬೇಕಾದ ಎಡೆಯ ಮೇಲೆ ಎರಡನೆಯ ಹೊಲಿಗೆ ಕುಳಿತು, ಪಕ್ಕದ ಎಡೆಯು ಬರಿದಾಗಿ ಉಳಿಯುವುದು. ಮಾಡಿದ ತಪ್ಪು ಹೋಗುವಾಗ ಕಾಣದು, ಮರಳುವಾಗ ಕಾಣುವುದು; ಆಗ ಬಿಚ್ಚದೆ ಗತ್ಯಂತರವಿಲ್ಲ.

ಅಲಂಕಾರಶಾಸ್ತ್ರವನ್ನು ಓದಿದವರಿಗೆ ಇಲ್ಲಿ ಒಂದು ಹೆಸರು ತಾನಾಗಿಯೇ ನೆನಪಾಗುವುದು: ಗತಪ್ರತ್ಯಾಗತ. ಮೊದಲಿನಿಂದ ಕೊನೆಗೆ ಓದಿದಂತೆ ಕೊನೆಯಿಂದ ಮೊದಲಿಗೂ ಓದಬಹುದಾದ ಬಂಧವಿದು. ಭಾರವಿಯು ಕಿರಾತಾರ್ಜುನೀಯದ ಹದಿನೈದನೆಯ ಸರ್ಗದಲ್ಲಿಯೂ ಮಾಘನು ಶಿಶುಪಾಲವಧದ ಹತ್ತೊಂಬತ್ತನೆಯ ಸರ್ಗದಲ್ಲಿಯೂ ಇಂತಹ ದುಷ್ಕರಬಂಧಗಳಲ್ಲಿ ತಮ್ಮ ಸಾಮರ್ಥ್ಯವನ್ನು ಮೆರೆದಿದ್ದಾರೆ. ದಂಡಿಯು ಗೋಮೂತ್ರಿಕೆ, ಅರ್ಧಭ್ರಮ, ಸರ್ವತೋಭದ್ರಗಳಿಗೆ ಲಕ್ಷಣವನ್ನು ಹೇಳಿದ್ದಾನೆ. ರುದ್ರಟನು ಚದುರಂಗದ ಕುದುರೆಯ ನಡೆಯನ್ನೇ ಪದ್ಯದಲ್ಲಿ ಕಟ್ಟಿದ್ದಾನೆ. ಮಮ್ಮಟನು ಮಾತ್ರ, ವ್ಯಂಗ್ಯವಿಲ್ಲದ ಚಿತ್ರವನ್ನು ಅವರಕಾವ್ಯವೆಂದು ಮೂರನೆಯ ಪಂಕ್ತಿಗೆ ಇಳಿಸಿದನು. ಅದು ನ್ಯಾಯವೆಂದೇ ನಾವೂ ಪಾಠ ಹೇಳುತ್ತ ಬಂದಿದ್ದೇವೆ. ಪದ್ಯವನ್ನು ಹಿಂದುಮುಂದಾಗಿ ಓದುವುದರಿಂದ ರಸಕ್ಕೆ ಒದಗುವುದೇನೂ ಇಲ್ಲ. ಬಂಧವು ಅಲ್ಲಿ ಅರ್ಥಕ್ಕೆ ಹೊರೆ.

ಗವಂತಿಯಲ್ಲಿ ಹಾಗಲ್ಲ, ಮತ್ತು ಭೇದವಿರುವುದು ಇಲ್ಲಿಯೇ. ಕವಿಯ ಗತಪ್ರತ್ಯಾಗತದಲ್ಲಿ ಹೋಗುವಾಗಲೇ ಪದ್ಯವು ಪೂರ್ಣವಾಗಿದೆ, ಮರಳುವುದು ಒಂದು ಚಮತ್ಕಾರ. ಗವಂತಿಯಲ್ಲಿ ಹೋಗುವುದು ಅರೆ, ಮರಳುವುದು ಅರೆ. ಮರಳದೆ ಚಿತ್ತಾರವೇ ಇಲ್ಲ. ಬಂಧವು ಇಲ್ಲಿ ತೊಡಿಸಿದ ಒಡವೆಯಲ್ಲ, ಅದೇ ಶರೀರ. ಆದುದರಿಂದ ಗೋಪುರದ ಚಿತ್ತಾರವನ್ನು ಹೊಗಳುವಾಗ ನಾವು ಹೊಗಳಬೇಕಾದದ್ದು ಗೋಪುರವನ್ನಲ್ಲ. ಗೋಪುರವು ಎಲ್ಲರ ಕಣ್ಣಿಗೂ ಬೀಳುವಂಥದು. ಅದನ್ನು ಒಂದೇ ದಾರದಲ್ಲಿ, ಗಂಟಿಲ್ಲದೆ, ಎರಡು ಮೈಗಳಲ್ಲಿಯೂ ಸಮನಾಗಿ, ಹೊರಟಲ್ಲಿಗೆ ಮರಳುವಂತೆ ನಡೆದು ಬರುವ ದಾರಿಯು ಹೊಲಿಯುವವಳ ಮನಸ್ಸಿನಲ್ಲಿರುವುದು. ಇದು ರಚನೆಯೇ ಹೊರತು ನಕಲಲ್ಲ. ಮುರಗಿಯೂ ಮೆಟ್ಟಿಲು ಮೆಟ್ಟಿಲಾಗಿ ಇದೇ ನಿಯಮಕ್ಕೆ ಒಳಪಟ್ಟು ಎರಡು ಮೈಗಳಲ್ಲಿಯೂ ಒಂದೇ ಆಗಿರುವುದು. ನೇಗಿಯು ನೇಯ್ಗೆಯನ್ನು ಹೋಲುವುದು, ಮೆಂತಿಯು ಒಂದರ ಮೇಲೊಂದು ಹಾಯುವ ಅಡ್ಡಹೊಲಿಗೆ. ಅವೆರಡರ ಹಿಮ್ಮೈಯು ಮುಮ್ಮೈಯಂತಿರುವುದಿಲ್ಲ. ಅವುಗಳಲ್ಲಿ ಬೇರೆ ಗುಣಗಳುಂಟು, ಆ ವಿಚಾರವು ಇಲ್ಲಿ ಬೇಡ.

ನಮ್ಮ ಸೋದರತ್ತೆಯ ಪೆಟ್ಟಿಗೆಯಲ್ಲಿ ಒಂದು ಚಂದ್ರಕಾಳಿ ಸೀರೆಯಿತ್ತು. ಕಾಡಿಗೆಯಂತಹ ಕಪ್ಪಿನ ಮೇಲೆ ಕೆಂಪು, ಹಸುರು, ಬಿಳಿಯ ದಾರಗಳ ಕೆಲಸ. ಯಾರಾದರೂ ಅದನ್ನು ಮೆಚ್ಚಿದರೆ ಆಕೆ ಹಿಗ್ಗುತ್ತಿರಲಿಲ್ಲ. "ತಿರುವಿ ನೋಡೋ, ಗಂಟು ಎಲ್ಲ್ಯರ ಕಂಡೀತೇನು?" ಎಂದು ನಮ್ಮನ್ನು ಕೇಳುತ್ತಿದ್ದಳು. ಕೌಮುದಿಯನ್ನು ಮುಗಿಸಿ ಕಾವ್ಯಪ್ರಕಾಶಕ್ಕೆ ಕೈಯಿಟ್ಟ ಮೇಲೆಯೂ ಆ ಪ್ರಶ್ನೆಯು ಒಂದು ವಿಮರ್ಶಾಸೂತ್ರವೆಂದು ನಮಗೆ ಹೊಳೆಯಲಿಲ್ಲವೆಂಬುದು ನಾಚಿಕೆಯ ಸಂಗತಿ.

ಈ ದೃಷ್ಟಿಯಿಂದ ಲಖನೌವಿನ ಚಿಕನ್ ಕೆಲಸವನ್ನು ಕಸೂತಿಯ ಪಕ್ಕದಲ್ಲಿಟ್ಟು ನೋಡಿದರೆ ವಿಷಯವು ಇನ್ನೂ ವಿಶದವಾಗುವುದು. ಅಲ್ಲಿ ಬಟ್ಟೆಯನ್ನು ಒಬ್ಬನು ಕತ್ತರಿಸಿ ಹೊಲಿಯುತ್ತಾನೆ. ಮರದ ಅಚ್ಚಿನಿಂದ, ತೊಳೆದರೆ ಹೋಗುವ ಬಣ್ಣದಲ್ಲಿ ಇನ್ನೊಬ್ಬನು ಚಿತ್ತಾರವನ್ನು ಒತ್ತುತ್ತಾನೆ. ಮನೆಗಳಲ್ಲಿ ಕುಳಿತ ಹೆಂಗಸರು ಆ ಗೆರೆಯ ಮೇಲೆ ಸೂಜಿಯನ್ನಾಡಿಸುತ್ತಾರೆ. ಎಳೆಗಳನ್ನು ಸರಿಸಿ ಜಾಲಿಯನ್ನು ಬಿಡಿಸುವವರು ಬೇರೆ. ಕೊನೆಗೆ ಅಗಸನು ಬಣ್ಣವನ್ನೂ ಕೈಯ ಕೊಳೆಯನ್ನೂ ತೊಳೆದು ಬಿಳುಪು ಮಾಡುತ್ತಾನೆ. ಇವರೆಲ್ಲರನ್ನೂ ಕೂಡಿಸುವವನು ಮಹಾಜನನೆಂದು ಕರೆಯಿಸಿಕೊಳ್ಳುವ ವರ್ತಕ. ಅವನಿಗೂ ಹೊಲಿಯುವವಳಿಗೂ ನಡುವೆ ಬಟ್ಟೆಯನ್ನು ಹಂಚಿ ಮರಳಿ ತರುವ ಮಧ್ಯಸ್ಥರು. ಕ್ಲೇರ್ ವಿಲ್ಕಿನ್‌ಸನ್ ವೆಬರ್ ಎಂಬ ವಿದುಷಿಯು ಈ ಹೆಂಗಸರ ದುಡಿಮೆಯನ್ನೂ ನೈಪುಣ್ಯವನ್ನೂ ಕುರಿತು ೧೯೯೯ರಲ್ಲಿ ಒಂದು ಗ್ರಂಥವನ್ನೇ ಪ್ರಕಟಿಸಿದ್ದಾಳೆ. ಮಧ್ಯಸ್ಥರ ಕೈಯಿಂದ ಹೆಂಗಸರನ್ನು ಬಿಡಿಸಬೇಕೆಂದು ರೂನಾ ಬ್ಯಾನರ್ಜಿಯವರು ೧೯೮೪ರಲ್ಲಿ ಅಲ್ಲಿ ಸೇವಾ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು.

ಚಿಕನ್ ಕೆಲಸದಲ್ಲಿ ಚಿತ್ತಾರದ ಕಲ್ಪನೆಯು ಅಚ್ಚಿನಲ್ಲಿದೆ. ಅಚ್ಚನ್ನು ಕೆತ್ತಿದವನದೊಂದು ಪಾಲು, ಒತ್ತಿದವನದೊಂದು ಪಾಲು ಎಂದು ವಿಭಾಗಿಸುವುದಕ್ಕೆ ವಸ್ತುಸ್ಥಿತಿಯಲ್ಲಿಯೇ ಆಧಾರವುಂಟು. ಆ ವಿಭಾಗವು ನ್ಯಾಯವಾಗಿ ನಡೆಯುತ್ತಿದೆಯೆಂದು ನಾವು ಹೇಳುವುದಿಲ್ಲ. ಬಟ್ಟೆಯ ಹಿಂಬದಿಯಿಂದ ಹೊಲಿದು ಮುಂಬದಿಯಲ್ಲಿ ನೆರಳಾಗಿ ತೋರಿಸುವ ಬಖಿಯಾ ಮುಂತಾದ ಹೊಲಿಗೆಗಳಲ್ಲಿ ಸೂಜಿಯ ಪಾಂಡಿತ್ಯವೂ ಅಪಾರ. ನಾವು ಹೇಳುವುದಿಷ್ಟೇ: ಅಚ್ಚು ಎಂಬುದೊಂದು ಇರುವ ಕಡೆ ಹೊಲಿಯುವವಳನ್ನು ಲಿಪಿಕಾರಳೆಂದು ಕರೆದರೆ ಅದು ಅರ್ಧ ಸುಳ್ಳು, ಅಚ್ಚೇ ಇಲ್ಲದ ಕಸೂತಿಯಲ್ಲಿ ಹಾಗೆ ಕರೆದರೆ ಅದು ಪೂರ್ತಿ ಸುಳ್ಳು. ಇಲ್ಲಿ ಕವಿಯೂ ಅವಳೇ, ಲಿಪಿಕಾರಳೂ ಅವಳೇ. ಕೂಲಿಯನ್ನು ಮಾತ್ರ ಲಿಪಿಕಾರಳೆಂದು ಬಗೆದು ಸೀರೆಗೆ ಇಷ್ಟು, ಕುಪ್ಪಸಕ್ಕೆ ಇಷ್ಟು, ಹೂವಿಗೆ ಇಷ್ಟು ಎಂದು ಲೆಕ್ಕ ಹಾಕಿ ಕೊಡುತ್ತಾರೆ.

ಸೀರೆಯ ದಾರಿಯನ್ನೇ ಹಿಡಿದು ನೋಡೋಣ. ಇಳಕಲ್ಲಿನಲ್ಲಿ ನೇಕಾರನು ಒಡಲನ್ನೂ ಸೆರಗನ್ನೂ ಬೇರೆಬೇರೆ ಹಾಸಿನಲ್ಲಿ ಹಿಡಿದು ಕೊಂಡಿಕೊಂಡಿಯಾಗಿ ಕೂಡಿಸಿ ನೇಯುತ್ತಾನೆ. ಅದು ಸಣ್ಣ ವಿದ್ಯೆಯಲ್ಲ. ಅವನಿಂದ ವರ್ತಕನ ಕೈಗೆ, ಅಲ್ಲಿಂದ ಧಾರವಾಡ ಹುಬ್ಬಳ್ಳಿಗಳ ಕಡೆಗೆ ಬಂದ ಸೀರೆಯನ್ನು ಕೆಲಸ ಹಂಚುವವಳೊಬ್ಬಳು ದಾರದೊಡನೆ ಮನೆಮನೆಗೆ ಮುಟ್ಟಿಸುತ್ತಾಳೆ. ವಾರಗಳೋ ತಿಂಗಳುಗಳೋ ಕಳೆದ ಮೇಲೆ ಅದು ಮರಳಿ ಬಂದು, ಇಸ್ತ್ರಿಯಾಗಿ, ಅಂಗಡಿಗೋ ಮೇಳಕ್ಕೋ ದೂರದ ನಗರಕ್ಕೋ ಹೋಗುತ್ತದೆ. ಪ್ರತಿಯೊಂದು ಕೈಯಲ್ಲಿಯೂ ಬೆಲೆಯು ಏರುವುದು. ವರ್ತಕನ ಪಾಲು ಅನ್ಯಾಯದ್ದೆಂದು ಸುಮ್ಮನೆ ಹೇಳಿಬಿಡುವುದು ಸುಲಭ. ಸೀರೆಗೂ ದಾರಕ್ಕೂ ಅವನು ಮುಂಗಡ ಹಣ ತೊಡಗಿಸುತ್ತಾನೆ. ಬಣ್ಣ ಬಿಟ್ಟದ್ದು, ಕಲೆಯಾದದ್ದು, ವರ್ಷವಾದರೂ ಮಾರದೆ ಕುಳಿತದ್ದು, ಈ ನಷ್ಟಗಳೆಲ್ಲ ಅವನವು. ಅಂತಹ ನಷ್ಟವನ್ನು ಹೊತ್ತವನಿಗೆ ಲಾಭದಲ್ಲಿ ಭಾಗವಿರಬೇಕೆಂಬುದು ಧರ್ಮಶಾಸ್ತ್ರಕ್ಕೂ ಒಪ್ಪಿದ ಮಾತು. ನಮ್ಮ ಆಕ್ಷೇಪವು ಅವನು ಪಡೆಯುವುದರ ಮೇಲಲ್ಲ, ಅವಳಿಗೆ ಕೊಡುವುದನ್ನು ಲೆಕ್ಕ ಹಾಕುವ ಮಾನದ ಮೇಲೆ.

ಆ ಮಾನಕ್ಕೆ ಬೆಂಬಲವಾಗಿ ಒಂದು ಪೂರ್ವಪಕ್ಷವು ಯಾವಾಗಲೂ ಸಿದ್ಧವಾಗಿರುವುದು: ಇದು ಮನೆಗೆಲಸ ಮುಗಿದ ಮೇಲಣ ಬಿಡುವಿನ ಕೆಲಸ, ಹೇಗೂ ಬರಿದೆ ಹೋಗುವ ಹೊತ್ತಿಗೆ ನಾಲ್ಕು ಕಾಸು ಬಂದರೆ ಸಾಲದೆ? ಈ ವಾದಕ್ಕೆ ಬೇರು ಹಿಂದಿನ ಕಾಲದಲ್ಲಿದೆ. ಕಸೂತಿಯು ಮಾರುವುದಕ್ಕಾಗಿ ಹುಟ್ಟಿದುದಲ್ಲ. ಮದುವೆಗೆ, ಕುಬಸಕ್ಕೆ, ಕೂಸಿನ ಕುಂಚಿಗೆ ಕುಲಾವಿಗಳಿಗೆ ತಾಯಿ ಮಗಳಿಗೆಂದೂ ಅತ್ತೆ ಸೊಸೆಗೆಂದೂ ಹಾಕುತ್ತಿದ್ದ ಕೆಲಸವದು. ಅಲ್ಲಿ ಬೆಲೆಯ ಪ್ರಸ್ತಾಪವೇ ಇರಲಿಲ್ಲ. ಬೆಲೆಯಿಲ್ಲದ ಕಡೆಯಿಂದ ಬಂದ ವಸ್ತುವು ಪೇಟೆಯನ್ನು ಹೊಕ್ಕಾಗ, ಬೆಲೆ ಕಟ್ಟಲಾಗದ್ದು ಎಂಬುದಕ್ಕೂ ಬೆಲೆಯಿಲ್ಲದ್ದು ಎಂಬುದಕ್ಕೂ ಇರುವ ಅಂತರವು ವ್ಯಾಪಾರದವರಿಗೆ ಮರೆತುಹೋಯಿತು.

ಇದಕ್ಕೆ ಸಮಾಧಾನವನ್ನು ಕೌಟಿಲ್ಯನಲ್ಲಿ ಹುಡುಕಬಹುದು. ಮೈಸೂರಿನ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಮುದ್ರಿಸಿ ಲೋಕಕ್ಕೆ ಕೊಟ್ಟ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ಸೂತ್ರಾಧ್ಯಕ್ಷನ ಪ್ರಕರಣವಿದೆ. ಅಲ್ಲಿಯದು ನೂಲುವ ಕೆಲಸ, ಸೂಜಿಯ ಕೆಲಸವಲ್ಲವೆಂಬುದನ್ನು ಮರೆಯತಕ್ಕದ್ದಲ್ಲ. ಆದರೂ ಮನೆಯಲ್ಲಿ ಕುಳಿತ ಹೆಂಗಸರಿಂದ ಹೊರಗಿನ ಯಜಮಾನನು ಕೆಲಸ ಮಾಡಿಸಿಕೊಳ್ಳುವ ವ್ಯವಸ್ಥೆಯು ಒಂದೇ. ವಿಧವೆಯರು, ಅಂಗವಿಕಲರು, ಕನ್ಯೆಯರು, ಸನ್ಯಾಸಿನಿಯರು, ಮುಪ್ಪಾದ ರಾಜದಾಸಿಯರು ಇವರಿಂದ ನೂಲನ್ನು ನೂಲಿಸಬೇಕು. ನೂಲು ನಯವೋ ದಪ್ಪವೋ ನಡುತರವೋ ಎಂಬುದನ್ನು ತಿಳಿದು ಕೂಲಿಯನ್ನು ನಿರ್ಣಯಿಸಬೇಕು. ಮನೆಯಿಂದ ಹೊರಗೆ ಹೊರಡದೆ ತಮ್ಮನ್ನು ತಾವು ಪೋಷಿಸಿಕೊಳ್ಳಬಯಸುವ ಹೆಂಗಸರಿಗೆ ಅಧ್ಯಕ್ಷನು ತನ್ನ ದಾಸಿಯರ ಮೂಲಕ, ಆದರದಿಂದ, ಕೆಲಸವನ್ನು ಕಳುಹಿಸಬೇಕು. ತಾವಾಗಿ ಸೂತ್ರಶಾಲೆಗೆ ಬರುವವರಿಗೆ ಬೆಳಗಿನ ಜಾವದಲ್ಲಿ ಸರಕನ್ನು ಪಡೆದು ಕೂಲಿಯನ್ನು ಕೊಡಬೇಕು. ದೀಪವು ನೂಲನ್ನು ಪರೀಕ್ಷಿಸುವುದಕ್ಕೆ ಮಾತ್ರ. ಹೆಂಗಸಿನ ಮುಖವನ್ನು ದಿಟ್ಟಿಸಿದರೆ ಅಥವಾ ಬೇರೆ ಮಾತನ್ನಾಡಿದರೆ ಅಧಿಕಾರಿಗೆ ಪೂರ್ವಸಾಹಸದಂಡ; ಕೂಲಿಯನ್ನು ಕೊಡುವುದರಲ್ಲಿ ಕಾಲವನ್ನು ಮೀರಿದರೆ ಮಧ್ಯಮಸಾಹಸದಂಡ. ಪೂರ್ವಸಾಹಸವೆಂದರೆ ೪೮ರಿಂದ ೯೬ ಪಣಗಳು, ಮಧ್ಯಮವೆಂದರೆ ೨೦೦ರಿಂದ ೫೦೦ ಪಣಗಳು ಎಂದು ಅದೇ ಗ್ರಂಥದಲ್ಲಿ ಬೇರೆಡೆ ಹೇಳಿದೆ. ದುರ್ನಡತೆಗಿಂತ ಕೂಲಿಯ ವಿಳಂಬವು ಹೆಚ್ಚಿನ ಅಪರಾಧ!

ಕೌಟಿಲ್ಯನನ್ನು ದಯಾಮಯನೆಂದು ಯಾರೂ ತಿಳಿಯಬಾರದು. ಕೂಲಿಯನ್ನು ಪಡೆದು ಕೆಲಸ ಮಾಡದವಳಿಗೆ ಹೆಬ್ಬೆರಳಿಗೆ ಸಂಬಂಧಿಸಿದ ಶಿಕ್ಷೆಯನ್ನು ಅಲ್ಲಿಯೇ ವಿಧಿಸಿದ್ದಾನೆ. ಬೆರಳನ್ನು ಕತ್ತರಿಸುವುದೆಂದು ಅದನ್ನು ಅರ್ಥಮಾಡುತ್ತಾರೆ. ಓದಿದರೆ ಮೈ ಜುಮ್ಮೆನ್ನುವ ಮಾತು. ಆದರೆ ಅಂತಹ ಕಠಿನಹೃದಯನೂ ಒಂದು ವಿಷಯದಲ್ಲಿ ತಪ್ಪಲಿಲ್ಲ. ಅವನ ಸೂತ್ರಶಾಲೆಯ ಹೆಂಗಸರು ನಿರ್ಗತಿಕರು, ಬೇರೆ ದಾರಿಯಿಲ್ಲದವರು. ಎಷ್ಟು ಕೊಟ್ಟರೂ ಒಪ್ಪಿಕೊಳ್ಳುವವರು. ಹಾಗಿದ್ದರೂ ಕೂಲಿಯು ಅವರ ಗತಿಯನ್ನು ನೋಡಿ ನಿರ್ಣಯವಾಗುವುದಿಲ್ಲ, ನೂಲಿನ ನಯವನ್ನು ನೋಡಿ ನಿರ್ಣಯವಾಗುವುದು. ಬಿಡುವಿನ ಹೊತ್ತು ಎಂಬ ವಾದಕ್ಕೆ ಈ ಒಂದು ವಾಕ್ಯವು ಸಾಕು. ಯಾವ ಹೊತ್ತಿನಲ್ಲಿ ಮಾಡಿದಳೆಂಬುದು ನೂಲಿನ ಗುಣವಲ್ಲ. ಹಿಮ್ಮೈಯಲ್ಲಿ ಗಂಟಿದೆಯೇ ಇಲ್ಲವೇ ಎಂಬುದು ಕಸೂತಿಯ ಗುಣ.

ಇನ್ನು ಹೆಸರಿನ ಒಡೆತನದ ವಿಚಾರ. ಊರಿನ ಹೆಸರಿಗೆ ಅಂಟಿಕೊಂಡ ಸರಕುಗಳನ್ನು ಕಾಪಾಡಲೆಂದು ಭಾರತಸರ್ಕಾರವು ೧೯೯೯ರಲ್ಲಿ ಭೌಗೋಳಿಕ ಸೂಚಕಗಳ ಕಾಯಿದೆಯನ್ನು ಮಾಡಿತು. ಅದು ೨೦೦೩ರಲ್ಲಿ ಜಾರಿಗೆ ಬಂದಿತು. ಲಖನೌವಿನ ಚಿಕನ್ ೨೦೦೮ರಲ್ಲಿಯೂ ಸಂಡೂರಿನ ಲಂಬಾಣಿ ಕಸೂತಿಯು ೨೦೧೦ರಲ್ಲಿಯೂ ಅದರಂತೆ ನೋಂದಾಯಿತವಾದವು. ನಮ್ಮ ಕಸೂತಿಯೂ ನೋಂದಾಯಿತವಾಗಿದೆ. ಅದು ರಾಜ್ಯದ ಕರಕುಶಲ ಅಭಿವೃದ್ಧಿ ನಿಗಮದ ಹೆಸರಿನಲ್ಲಿದೆ. ಅನ್ಯರು ಅದೇ ಹೆಸರಿನಲ್ಲಿ ಖೋಟಾ ಸರಕನ್ನು ಮಾರದಂತೆ ತಡೆಯಲು ಒಬ್ಬ ಸಮರ್ಥ ಒಡೆಯನು ಬೇಕು, ಒಂಟಿ ಹೆಂಗಸು ನ್ಯಾಯಾಲಯದ ಮೆಟ್ಟಿಲನ್ನು ಹತ್ತಲಾರಳು ಎಂಬ ಮಾತು ನಿಜ. ಆದರೆ ಆ ಕಾಯಿದೆಯಲ್ಲಿ ನೋಂದಾಯಿತ ಒಡೆಯ ಬೇರೆ, ಅಧಿಕೃತ ಬಳಕೆದಾರ ಬೇರೆ. ಹೊಲಿಯುವವಳು ತನ್ನ ತಾಯಿಯಿಂದ ಕಲಿತ ಕೆಲಸಕ್ಕೆ ಅಧಿಕೃತ ಬಳಕೆದಾರಳಾಗಬೇಕಾದರೆ ಪ್ರತ್ಯೇಕವಾಗಿ ಅರ್ಜಿ ಸಲ್ಲಿಸಿ ಹೆಸರನ್ನು ನೋಂದಾಯಿಸಿಕೊಳ್ಳಬೇಕು. ಶಬ್ದಶಾಸ್ತ್ರದವರಿಗೆ ಇದು ಕೌತುಕದ ವಿಷಯ: ಕ್ರಿಯೆಯ ಕರ್ತೃವಾದವಳು ಇಲ್ಲಿ ಬಳಸುವವಳೆನಿಸಿಕೊಳ್ಳುತ್ತಾಳೆ. ಸಂಹಿತೆಯ ಸ್ತ್ರೀಲಿಂಗವು ಭಾಷ್ಯದಲ್ಲಿ ಪುಲ್ಲಿಂಗವಾಯಿತು, ಕಾಯಿದೆಯಲ್ಲಿ ನಪುಂಸಕವಾಗಿ ಒಂದು ನಿಗಮವಾಯಿತು. ಕಾಯಿದೆಯನ್ನು ನಾವು ಹಳಿಯುತ್ತಿಲ್ಲ. ಆ ಅರ್ಜಿಗಳನ್ನು ಬರೆಯಿಸಿ ಸಲ್ಲಿಸುವ ಕೆಲಸವನ್ನು ಒಡೆಯನೇ ವಹಿಸಿಕೊಂಡು ಪೂರೈಸಬೇಕೆನ್ನುತ್ತೇವೆ.

ಖೋಟಾ ಸರಕಿನ ಮಾತು ಬಂದುದರಿಂದ ಯಂತ್ರದ ಕಸೂತಿಯನ್ನೂ ಒಂದಿಷ್ಟು ನೋಡಬೇಕು. ಗಣಕದಿಂದ ನಡೆಯುವ ಯಂತ್ರವು ಗೋಪುರವನ್ನೂ ತೇರನ್ನೂ ಕ್ಷಣಮಾತ್ರದಲ್ಲ್ಲಿ ಹಾಕಿಬಿಡುವುದು. ಮುಮ್ಮೈಯನ್ನು ನೋಡಿದ ಸಾಮಾನ್ಯರಿಗೆ ಭೇದವು ಗೊತ್ತಾಗದು. ಆದರೆ ಯಂತ್ರಕ್ಕೆ ಎರಡು ದಾರಗಳು ಬೇಕು. ಮೇಲಿನ ದಾರವನ್ನು ಕೆಳಗಿನ ಉರುಳೆಯ ದಾರವು ಹಿಡಿದು ಬಿಗಿಯುವುದರಿಂದ ಹಿಮ್ಮೈಯ ಬಗೆಯೇ ಬೇರೆಯಾಗುತ್ತದೆ. ಒಂದೇ ದಾರವು ಹೋಗಿ ಮರಳುವ ಗವಂತಿಯು ಆ ಯಂತ್ರದ ಧರ್ಮಕ್ಕೆ ಸೇರಿದುದಲ್ಲ. ಆದಕಾರಣ ನಿಜಕ್ಕೂ ಖೋಟಾಕ್ಕೂ ಇರುವ ಪರೀಕ್ಷೆಯು ಸೋದರತ್ತೆಯ ಪರೀಕ್ಷೆಯೇ. ನಮ್ಮ ಪಟ್ಟಿಯ ವಿಮರ್ಶೆಯು ಕಲಿಸಿದಂತೆ ಗೋಪುರವಿದೆಯೇ, ತೇರಿದೆಯೇ ಎಂದು ನೋಡಿ ಕೊಳ್ಳುವವರಿಗೆ ಯಂತ್ರದ್ದೇ ಸಾಕು. ಅದು ಅಗ್ಗವೂ ಹೌದು. ಅವರ ಕಣ್ಣಿನಲ್ಲಿ ಕೈಕೆಲಸದವಳು ಯಂತ್ರದೊಡನೆ ಸ್ಪರ್ಧಿಸಿ ಸೋತವಳು. ಹಿಮ್ಮೈಯನ್ನು ನೋಡಬಲ್ಲವರ ಕಣ್ಣಿನಲ್ಲಿ ಅಲ್ಲಿ ಸ್ಪರ್ಧೆಯೇ ಇಲ್ಲ. ಅಂಗಡಿಯೊಂದರಲ್ಲಿ ನಾವು ಸೀರೆಯ ಸೆರಗನ್ನು ತಿರುವಿದಾಗ ಮಾರುವ ಹುಡುಗನು, ಹಿಂದಿನದನ್ನು ನೋಡಬೇಡಿರೆಂದು ವಿನಯದಿಂದಲೇ ಹೇಳಿದನು. ಅವನು ಪ್ರಾಮಾಣಿಕನೇ ಇರಬೇಕು; ಹಿಂಬದಿಯನ್ನು ನೋಡಿ ಕೊಂಡವರನ್ನು ಅವನು ಕಂಡಿರಲಿಲ್ಲ.

ಸಾಹಿತ್ಯವನ್ನು ಬೋಧಿಸುವ ನಾವು ಇದರಲ್ಲಿ ಮಾಡಬಹುದಾದ ಕೆಲಸವೊಂದಿದೆ, ಅದು ಗ್ರಂಥಸಂಪಾದನೆಗೆ ಹತ್ತಿರವಾದುದು. ಕಸೂತಿಯ ಚಿತ್ತಾರಗಳನ್ನು ಚೌಕಳಿಯ ಕಾಗದದ ಮೇಲೆ ಬರೆದು ಸಂಗ್ರಹಿಸುವುದು ನಡೆದಿದೆ. ಆ ಬರೆಹಗಳಲ್ಲಿ ಮುಗಿದ ಗೆರೆಯು ಮಾತ್ರ ಇರುತ್ತದೆ, ಸೂಜಿಯ ನಡೆಯ ಕ್ರಮವಿರುವುದಿಲ್ಲ. ಪದಚ್ಛೇದವಿಲ್ಲದೆ, ಅನ್ವಯವಿಲ್ಲದೆ ಪದ್ಯವನ್ನು ಅಚ್ಚುಹಾಕಿದಂತೆ ಇದು. ಎಲ್ಲಿಂದ ಹೊರಟಿತು, ಯಾವ ಕವಲನ್ನು ಹೋಗುವಾಗ ತುಂಬಿತು, ಯಾವುದನ್ನು ಮರಳುವಾಗ ತುಂಬಿತು ಎಂಬುದನ್ನು ಅಂಕೆಗಳಿಂದ ಗುರುತಿಸಿ, ಹೇಳಿಕೊಟ್ಟವಳ ಅನುಮತಿಯನ್ನು ಪಡೆದು ಅವಳ ಹೆಸರನ್ನೂ ಊರನ್ನೂ ಕೆಳಗೆ ಬರೆಯಬೇಕು. ಒಂದು ತೇರಿಗೆ ಇಬ್ಬರು ಹೆಂಗಸರು ಬೇರೆಬೇರೆ ದಾರಿಯಲ್ಲಿ ನಡೆದಿದ್ದರೆ ಎರಡನ್ನೂ ಪಾಠಾಂತರಗಳಂತೆ ಕೊಡಬೇಕು. ಆಗ ಅದು ಯಾರೂ ಮಾಡದ ಜಾನಪದವಾಗಿ ಉಳಿಯದೆ ಕರ್ತೃವುಳ್ಳ ರಚನೆಯಾಗುವುದು. ಕೂಲಿಯ ಮಾತುಕತೆಯಲ್ಲಿ ಅವಳು ಮುಂದೊಡ್ಡಬಹುದಾದ ಒಂದು ಪ್ರಮಾಣಪತ್ರವೂ ಆಗುವುದು.

ಈ ಕೆಲಸವನ್ನು ನಾವೇ ಒಮ್ಮೆ ಪ್ರಯತ್ನಿಸಿದೆವು. ಸೋದರತ್ತೆಯ ಚಂದ್ರಕಾಳಿ ಸೀರೆಯ ಸೆರಗಿನಲ್ಲಿ ಅಂಗೈಯಗಲದ ಒಂದು ತುಳಸಿಯ ಕಟ್ಟೆಯಿದೆ. ಭೂತಗನ್ನಡಿಯನ್ನು ಹಿಡಿದು, ಎಳೆಗಳನ್ನು ಎಣಿಸಿ, ಕಾಗದದ ಮೇಲೆ ಇಳಿಸಲು ಹನ್ನೊಂದು ದಿನಗಳು ಹಿಡಿದವು. ಕಟ್ಟೆಯ ಅಡಿಪಾಯ, ನಾಲ್ಕು ಮೆಟ್ಟಿಲುಗಳು, ಗೂಡಿನಲ್ಲಿಯ ದೀಪ, ಗಿಡದ ಎಡಬದಿಯ ಎಲೆಗಳು ಇವೆಲ್ಲದರಲ್ಲಿ ಹೊಲಿಗೆಯು ನಡೆದ ದಾರಿಯು ಸಿಕ್ಕಿತು. ಬಲಬದಿಯ ಮೂರನೆಯ ಎಲೆಯಲ್ಲಿ ದಾರವು ಎಲ್ಲಿಂದ ಒಳಹೊಕ್ಕಿತೆಂಬುದು ಮುಮ್ಮೈಯನ್ನು ನೋಡಿದರೂ ಹಿಮ್ಮೈಯನ್ನು ನೋಡಿದರೂ ತಿಳಿಯದು. ಆಕೆ ಇಲ್ಲ. ಆ ಎಲೆಯ ಎಡೆಯನ್ನು ನಕಾಶೆಯಲ್ಲಿ ಬರಿದಾಗಿ ಬಿಟ್ಟಿದ್ದೇವೆ. ಬಲ್ಲ ಹೆಣ್ಣುಮಕ್ಕಳು ಯಾರಾದರೂ ಸೀರೆಯನ್ನು ನೋಡಬಯಸಿದರೆ ತಂದು ತೋರಿಸುವುದಕ್ಕೆ ಸಿದ್ಧರಿದ್ದೇವೆ.